ಅಟ್ಟದಿಂದ ಇಳಿಸುವ ಕೆಲಸ

ಪುತ್ತೂರು, ಸುಳ್ಯ, ಕಡಬ ಕಡೆಯವರಿಗೆ ಟಿಯರ್ಡ್ ಸ್ಟೋರೇಜ್ ಅಂದರೆ ಏನು ಅಂತ ಪಾಠ ಮಾಡುವ ಅಗತ್ಯವೇ ಇಲ್ಲ. ಬೆಳಿಗ್ಗೆ ಪೇಪರ್ ಬಿಡಿಸಿದರೆ ಧಾರಣೆಯ ಕಾಲಂನಲ್ಲಿ ಅದು ದಿನಾ ಅಚ್ಚಾಗಿರುತ್ತದೆ. ಹೊಸ ಅಡಿಕೆ ಇಷ್ಟು, ಸಿಂಗಲ್ ಚೋಲ್ ಇಷ್ಟು, ಡಬಲ್ ಚೋಲ್ ಇಷ್ಟು.

ಘಟ್ಟದ ಮೇಲಿನ ಗೆಳೆಯರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಕಡೆ ಅಡಿಕೆಯನ್ನು ಬೇಯಿಸಿ ಕೆಂಪು ಮಾಡುತ್ತಾರೆ. ನಮ್ಮಲ್ಲಿ ಮಾಡುವುದು ಚಾಲಿ. ಹಣ್ಣಾದ ಅಡಿಕೆಯನ್ನು ಸಿಪ್ಪೆ ಸಮೇತ ಅಂಗಳದಲ್ಲಿ ಹೆಚ್ಚುಕಡಿಮೆ 40 ದಿನ ಬಿಸಿಲಿಗೆ ಹರಡಿ ಒಣಗಿಸುವುದು. ಒಣಗಿದ್ದರಲ್ಲಿ ಕೈಖರ್ಚಿಗೆ ಬೇಕಾದಷ್ಟನ್ನು ಸುಲಿದು ಪೇಟೆಗೆ ಕೊಂಡುಹೋಗುವುದು, ಉಳಿದದ್ದನ್ನು ಗೋಣಿಗೆ ತುಂಬಿ ಅಟ್ಟಕ್ಕೆ ಏರಿಸುವುದು. ಒಂದು ವರ್ಷ ಕೂತರೆ ಸಿಂಗಲ್ ಚೋಲ್, ಮತ್ತೂ ಕೂತರೆ ಡಬಲ್ ಚೋಲ್. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದ ಮೇಲೆ ಬೆಲೆ ಬಿದ್ದಾಗ ಹಿಡಿದುಕೊಳ್ಳಲಿಕ್ಕೆ ಬೆಳೆಗಾರರಿಗೆ ಒಂದು ಕೈ ಸಿಕ್ಕಿತು, ನಿಜ. ಆದರೂ ಮನೆಯ ಅಟ್ಟವೇ ಮೊದಲ ಬ್ಯಾಂಕು. ಮಗನ ಕಾಲೇಜು ಫೀಸು, ಮಗಳ ಮದುವೆ, ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಬಿಡುವವರ ಸಂಬಳ, ಎಲ್ಲ ಬರುವುದು ಅಲ್ಲಿಂದ.

ಡೇಟಾಬೇಸಿನವರು ಇದನ್ನೇ ಹಾಟ್, ವಾರ್ಮ್, ಕೋಲ್ಡ್ ಅಂತಾರೆ. ದಿನಾ ಮುಟ್ಟುವ ಡೇಟಾ ದುಬಾರಿಯ ವೇಗದ ಡಿಸ್ಕ್‌ನಲ್ಲಿ, ಅಪರೂಪಕ್ಕೆ ಬೇಕಾಗುವುದು ಅಗ್ಗದ ನಿಧಾನದ ಜಾಗದಲ್ಲಿ. ಲೆಕ್ಕ ಒಂದೇ, ಆದರೆ ಒಂದು ವ್ಯತ್ಯಾಸ ಉಂಟು. ಅಡಿಕೆ ಹಳತಾದಷ್ಟೂ ಸಾಮಾನ್ಯವಾಗಿ ಬೆಲೆ ಜಾಸ್ತಿ. ಡೇಟಾ ಹಳತಾದಷ್ಟೂ ಬೆಲೆ ಕಡಿಮೆ ಅಂತ ನಾವು ಮೀಟಿಂಗಿನಲ್ಲಿ ಕೂತು ತೀರ್ಮಾನ ಮಾಡಿಬಿಡುತ್ತೇವೆ. ಆ ತೀರ್ಮಾನ ಯಾವಾಗ ಸರಿ, ಯಾವಾಗ ಅಲ್ಲ ಅಂತ ನನಗೆ ಅರ್ಥವಾದದ್ದು ಡೇಟಾವನ್ನು ಮೇಲೆ ಏರಿಸುವಾಗ ಅಲ್ಲ, ಇಳಿಸುವಾಗ. ಏರಿಸುವುದು ಹೇಗೆ ಅಂತ ಹೇಳಿಕೊಡಲಿಕ್ಕೆ ನೂರು ಜನ ಸಿಗುತ್ತಾರೆ. ಇಳಿಸುವಾಗ ನೀವೊಬ್ಬರೇ.

ನಮ್ಮ ಕ್ಲೈಂಟ್ ಕರಾವಳಿಯ ಒಂದು ಸಂಸ್ಥೆ. ಕೃಷಿಕರಿಗೆ ಸಾಲ ಕೊಡುವುದು ಅವರ ಕೆಲಸ. ಹೆಸರು ಬೇಡ. ಹತ್ತಾರು ಶಾಖೆ, ಹೆಡ್ ಆಫೀಸಿನಲ್ಲಿ ಅವರದ್ದೇ ಸರ್ವರ್, ಅದರಲ್ಲಿ ಎಸ್‌ಕ್ಯೂಎಲ್ ಸರ್ವರ್ 2016. ಎಲ್ಲದಕ್ಕಿಂತ ದೊಡ್ಡ ಟೇಬಲ್ ಸಾಲದ್ದು. ಕಂಪ್ಯೂಟರ್ ಬಂದ ದಿನದಿಂದ ಕೊಟ್ಟ, ತೀರಿದ, ತೀರದ ಎಲ್ಲ ಸಾಲಗಳ ಸಾಲುಗಳು ಅದರಲ್ಲಿ. ನಾನು ಈ ಪ್ರಾಜೆಕ್ಟಿಗೆ ಬಂದದ್ದು 2021ರಲ್ಲಿ. ಅಷ್ಟರಲ್ಲಿ ಆ ಟೇಬಲಿನ ಅರ್ಧಕ್ಕಿಂತ ಹೆಚ್ಚು ಭಾಗ ಆ ಕಟ್ಟಡದಲ್ಲೇ ಇರಲಿಲ್ಲ.

ಎಲ್ಲಿ ಹೋಗಿತ್ತು ಅಂದರೆ, ಕ್ಲೌಡಿಗೆ. 2016ರ ಆವೃತ್ತಿಯ ಜೊತೆ ಮೈಕ್ರೋಸಾಫ್ಟ್ ಸ್ಟ್ರೆಚ್ ಡೇಟಾಬೇಸ್ ಅಂತ ಒಂದು ಸೌಲಭ್ಯ ತಂದಿತ್ತು. ಐಡಿಯಾ ಚೆಂದದ್ದೇ. ಒಂದು ಟೇಬಲ್ ಆರಿಸಿ, ಯಾವ ಸಾಲುಗಳು ಹಳೆಯವು ಅಂತ ಒಂದು ನಿಯಮ ಬರೆದುಕೊಟ್ಟರೆ ಸಾಕು. ಆ ಸಾಲುಗಳು ತಮ್ಮಷ್ಟಕ್ಕೇ ಹಿನ್ನೆಲೆಯಲ್ಲಿ ಅಜೂರ್‌ಗೆ ಹೊರಟುಬಿಡುತ್ತವೆ. ಟೇಬಲಿನ ಹೆಸರು ಬದಲಾಗುವುದಿಲ್ಲ, ಅಪ್ಲಿಕೇಷನ್‌ನಲ್ಲಿ ಒಂದಕ್ಷರ ಮುಟ್ಟಬೇಕಿಲ್ಲ. ಯಾರಾದರೂ ಹಳೆಯದನ್ನು ಕೇಳಿದರೆ ಸರ್ವರೇ ಕ್ಲೌಡಿಗೆ ಹೋಗಿ ತಂದುಕೊಡುತ್ತದೆ, ಸ್ವಲ್ಪ ತಡವಾಗಿ. ಕೇಳಿದವರಿಗೆ ಟೇಬಲ್ ಒಂದೇ. ಚಾವಡಿಯಲ್ಲಿ ಕೂತವನಿಗೆ ಅಟ್ಟದ ಅಡಿಕೆಯೂ ಮನೆಯದ್ದೇ ಅಲ್ಲವಾ, ಹಾಗೆ.

ನಮ್ಮ ಕ್ಲೈಂಟ್ ಬರೆಸಿಕೊಂಡ ನಿಯಮ ಬಹಳ ಸರಳ: ಸಾಲ ತೀರಿ ಮೂರು ವರ್ಷ ಕಳೆದರೆ ಆ ಸಾಲು ಕ್ಲೌಡಿಗೆ.

2022ರಲ್ಲಿ ಈ ಸೌಲಭ್ಯವನ್ನು ಮುಂದುವರಿಸುವುದಿಲ್ಲ ಅಂತ ಮೈಕ್ರೋಸಾಫ್ಟ್ ಹೇಳಿತು. ಅದರ ಹಿಂದಿನ ಅಜೂರ್ ಸೇವೆಗೆ 2024ರ ಜುಲೈ ಕೊನೆ. ಅಂದರೆ ಅಟ್ಟ ಕೊಟ್ಟವರೇ ಅಟ್ಟ ಬಿಚ್ಚಲಿಕ್ಕೆ ಹೊರಟಿದ್ದರು, ಬೇಕಾದಷ್ಟು ಮೊದಲೇ ನೋಟಿಸು ಕೊಟ್ಟು. ನಮ್ಮ ಕಡೆ ಫೈಲು ಮುಂದೆ ಬಂದದ್ದು 2024ರ ಮಾರ್ಚ್‌ನಲ್ಲಿ.

ಆಫ್ ಮಾಡಲಿಕ್ಕೆ ಎರಡು ದಾರಿ. ಟೇಬಲಿನ ಮೈಗ್ರೇಷನ್ ಸ್ಥಿತಿಯನ್ನು 'ಇನ್‌ಬೌಂಡ್' ಅಂತ ಬದಲಿಸುವುದು ಒಂದು. ಹಾಗೆ ಮಾಡಿದರೆ ಹೋದ ಸಾಲುಗಳೆಲ್ಲ ವಾಪಸ್ ಬರುತ್ತವೆ, ಎಲ್ಲ ಬಂದ ಮೇಲೆ ಸ್ಟ್ರೆಚ್ ತಾನಾಗಿಯೇ ಆಫ್. ಎರಡನೆಯದರ ಹೆಸರಿನಲ್ಲೇ ಅರ್ಥ ಉಂಟು: 'ಆಫ್ ವಿದೌಟ್ ಡೇಟಾ ರಿಕವರಿ'. ಮೇಲಿದ್ದದ್ದು ಮೇಲೆ, ಕೆಳಗಿದ್ದದ್ದು ಕೆಳಗೆ, ಏಣಿ ಮಾತ್ರ ತೆಗೆದುಬಿಡುವುದು. ಇದು ಕ್ಷಣದಲ್ಲಿ ಮುಗಿಯುತ್ತದೆ. ಮೊದಲನೆಯದಕ್ಕೆ ಗಂಟೆಗಟ್ಟಲೆ ಬೇಕು, ಕ್ಲೌಡಿನಿಂದ ಡೇಟಾ ಹೊರಗೆ ತಂದದ್ದಕ್ಕೆ ಬಿಲ್ ಬರುತ್ತದೆ, ಒಮ್ಮೆ ಶುರು ಮಾಡಿದರೆ ಮಧ್ಯದಲ್ಲಿ ನಿಲ್ಲಿಸಲಿಕ್ಕೂ ಆಗುವುದಿಲ್ಲ.

ಮೀಟಿಂಗಿನಲ್ಲಿ ಎಲ್ಲರ ಒಲವು ಎರಡನೆಯದರ ಕಡೆ. ಐಟಿ ನೋಡಿಕೊಳ್ಳುವ ಹಿರಿಯರೊಬ್ಬರು ಹೇಳಿದರು, "ತೀರಿದ ಸಾಲ ಮಾರಾಯ್ರೆ. ಬಾಕಿ ಇದ್ದದ್ದು ಇಲ್ಲಿಯೇ ಉಂಟಲ್ಲ. ತೀರಿ ಹತ್ತು ಹದಿನೈದು ವರ್ಷ ಆದದ್ದನ್ನು ಯಾರು ಕೇಳ್ಲಿಕ್ಕೆ ಬರ್ತಾರೆ? ಒಂದು ಫೈಲ್‌ಗೆ ಹಾಕಿ ಹಾರ್ಡ್ ಡಿಸ್ಕಲ್ಲಿ ಇಡುವ." ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸರ್ವರಿಗೆ ಹೊಸ ಡಿಸ್ಕ್ ಹಾಕಿಸಬೇಕು, ಬಿಲ್ ಅವರೇ ಪಾಸ್ ಮಾಡಿಸಬೇಕು, ಆಡಿಟಿನವರಿಗೆ ಅವರೇ ಉತ್ತರ ಹೇಳಬೇಕು.

ನಾನು ಕೇಳಿದ್ದು ಒಂದು ವಾರದ ಸಮಯ. ಈಗ ಆ ಹಳೆ ಸಾಲುಗಳನ್ನು ಯಾರಾದರೂ ಕೇಳುತ್ತಿದ್ದಾರಾ ಅಂತ ನೋಡಲಿಕ್ಕೆ.

ಕೇಳುತ್ತಿದ್ದರು. ಬಹಳ ಅಲ್ಲ, ಬೆರಳೆಣಿಕೆಯಷ್ಟು. ಆದರೆ ಪ್ರತಿ ವಾರ. ಎಲ್ಲ ಪ್ರಶ್ನೆಗಳೂ ಒಂದೇ ಸ್ಕ್ರೀನಿನಿಂದ ಬರುತ್ತಿದ್ದವು: ಬಾಕಿ ಇಲ್ಲ ಅಂತ ಸರ್ಟಿಫಿಕೇಟ್ ಕೊಡುವ ಸ್ಕ್ರೀನು. ಇನ್ನೊಂದು ವಿಚಿತ್ರ ಕಣ್ಣಿಗೆ ಬಿತ್ತು. ಕಡಬ ತಾಲೂಕಿನ ಶಾಖೆಗಳಲ್ಲಿ ಕೂತವರು ಹುಡುಕುವಾಗ ತಾಲೂಕು ಅಂತ ಇರುವ ಜಾಗದಲ್ಲಿ ಕಡಬ ಅಂತ ಹಾಕುತ್ತಿರಲಿಲ್ಲ. ಪುತ್ತೂರು ಅಂತ ಹಾಕುತ್ತಿದ್ದರು, ಇಲ್ಲವಾದರೆ ಸುಳ್ಯ.

ಒಂದು ಶಾಖೆಗೆ ಫೋನ್ ಮಾಡಿದೆ. ಕೌಂಟರಿನಲ್ಲಿದ್ದ ಮೇಡಂ ಇಪ್ಪತ್ತು ವರ್ಷದ ಸರ್ವಿಸಿನವರು. ವಿಷಯ ಹೇಳಿದ ಕೂಡಲೇ ನಕ್ಕರು.

"ಅದು ಪಾಲಿನ ಕೇಸುಗಳು. ಅಜ್ಜ ಪಂಪ್‌ಸೆಟ್ಟಿಗೆ ಅಂತ ಸಾಲ ತೆಗೆದಿರ್ತಾರೆ. ಕಟ್ಟಿಯೂ ಆಗಿರ್ತದೆ. ಪಹಣಿಯಲ್ಲಿ ಮಾತ್ರ ಋಣ ಹಾಗೇ ಕೂತಿರ್ತದೆ. ಅಜ್ಜ ಹೋಗಿ ಮೊಮ್ಮಕ್ಕಳು ಪಾಲು ಮಾಡ್ಲಿಕ್ಕೆ ಹೊರಟಾಗ ಗೊತ್ತಾಗುದು. ಆಗ ಓಡಿಕೊಂಡು ಬರ್ತಾರೆ ಇಲ್ಲಿಗೆ."

ನಗರದಲ್ಲಿ ಬೆಳೆದವರಿಗೆ ಇದು ಬೇಗ ಹೊಳೆಯಲಿಕ್ಕಿಲ್ಲ. ಜಮೀನಿನ ಮೇಲೆ ಕೃಷಿಸಾಲ ಕೊಟ್ಟಾಗ ಸಂಸ್ಥೆಯ ಋಣ ಪಹಣಿಯಲ್ಲಿ ದಾಖಲಾಗುತ್ತದೆ. ಸಾಲ ತೀರಿತು ಅಂತ ಸಂಸ್ಥೆಯ ಪತ್ರ ಕೊಂಡುಹೋಗಿ ಕಂದಾಯ ಇಲಾಖೆಗೆ ಕೊಟ್ಟರೆ ಆ ಋಣ ಬಿಡುಗಡೆ. ಆದರೆ ಕಂತು ಕಟ್ಟಿ ಮುಗಿಸಿದ ದಿನ ಯಾರು ಪಹಣಿ ತೆಗೆದು ನೋಡುತ್ತಾರೆ? ರಶೀದಿ ಕಿಸೆಗೆ ಹಾಕಿ, ಪೇಟೆಯಲ್ಲಿ ಒಂದು ಚಾ ಕುಡಿದು, ಬಸ್ ಹತ್ತುತ್ತಾರೆ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಲ್ಲಿ ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಏರಿದವಲ್ಲ, ಆಗ ತೆಗೆಸದೆ ಉಳಿದ ಋಣಗಳೂ ಜೊತೆಗೇ ಏರಿದವು. ಅಲ್ಲಿ ಯಾವ ಟಿಯರ್ ಕೂಡ ಇಲ್ಲ. ಯಾರಾದರೂ ಬಂದು ತೆಗೆಸುವ ತನಕ ಅವು ಅಲ್ಲಿಯೇ.

ಹಾಗಾಗಿ ಅಜ್ಜನ ಸಾಲ ತೀರಿದ್ದಕ್ಕೆ ಸಾಕ್ಷಿ ಅಂತ ಉಳಿದದ್ದು ನಮ್ಮ ಟೇಬಲಿನ ಒಂದು ಸಾಲು. ಹದಿನೈದು ವರ್ಷ ಯಾರೂ ಮುಟ್ಟದ ಸಾಲು. ಅದು ಸಿಕ್ಕಿದರೆ ಸಂಜೆಯೊಳಗೆ ಪತ್ರ ಕೈಗೆ. ಸಿಗದಿದ್ದರೆ, ತೀರಿದ ಸಾಲವನ್ನು ತೀರಿಲ್ಲ ಅಂತಲೂ ಹೇಳಲಾಗದೆ ತೀರಿದೆ ಅಂತಲೂ ಹೇಳಲಾಗದೆ ಒಂದು ಮನೆಯ ಪಾಲು ಅಲ್ಲಿಗೆ ನಿಲ್ಲುತ್ತದೆ. ಅಣ್ಣ ತಮ್ಮ ಮಾತು ಬಿಡಲಿಕ್ಕೆ ನಮ್ಮ ಊರಲ್ಲಿ ಇದಕ್ಕಿಂತ ಸಣ್ಣ ಕಾರಣ ಸಾಕು.

"ಮತ್ತೆ ಕಡಬದವರು ಪುತ್ತೂರು ಅಂತ ಯಾಕೆ ಹಾಕುದು ಮೇಡಂ?"

"ಕಡಬ ಅಂತ ಹಾಕಿದ್ರೆ ಬರುದಿಲ್ಲ. ಸುಬ್ರಹ್ಮಣ್ಯದವರಾದ್ರೆ ಸುಳ್ಯ ಅಂತ ಹಾಕ್ತೇವೆ. ಆಲಂಕಾರು, ರಾಮಕುಂಜದವರಾದ್ರೆ ಪುತ್ತೂರು. ಹೊಸ ಹುಡುಗರಿಗೆ ಇದು ಗೊತ್ತಿಲ್ಲ, 'ನಿಮ್ದು ರೆಕಾರ್ಡೇ ಇಲ್ಲ' ಅಂತ ಹೇಳಿ ಕಳಿಸ್ತಾರೆ."

ಫೋನ್ ಇಟ್ಟ ಮೇಲೆ ಕಾರಣ ಹುಡುಕಿದೆ. 2013ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ 43 ಹೊಸ ತಾಲೂಕುಗಳಲ್ಲಿ ಕಡಬವೂ ಒಂದು. ಪುತ್ತೂರಿನ ಕೆಲವು ಗ್ರಾಮ, ಸುಳ್ಯದ ಕೆಲವು ಗ್ರಾಮ ಸೇರಿ ಆದದ್ದು. ಘೋಷಣೆ ಆಗಿ ತಾಲೂಕು ನಿಜವಾಗಿ ನಡೆಯಲಿಕ್ಕೆ ಶುರುವಾಗುವಾಗ ವರ್ಷಗಳೇ ಕಳೆದವು. ಅಷ್ಟರಲ್ಲಿ ನಮ್ಮ ಕ್ಲೈಂಟಿನ ಹಳೆ ಸಾಲುಗಳು ಕ್ಲೌಡಿಗೆ ಹೋಗಿಯಾಗಿತ್ತು. ಹಳೇ ಕಾಲದ ಡಿಸೈನು, ಪ್ರತಿ ಸಾಲಿನಲ್ಲೂ ತಾಲೂಕಿನ ಹೆಸರು. ಹೊಸ ತಾಲೂಕು ಬಂದಾಗ ಒಂದು ಅಪ್‌ಡೇಟ್ ಓಡಿಸಿ ಹೆಸರು ಬದಲಿಸಿದ್ದಾರೆ. ಆದರೆ ಸ್ಟ್ರೆಚ್‌ನ ಒಂದು ಕಟ್ಟುನಿಟ್ಟು ಏನೆಂದರೆ, ಕ್ಲೌಡಿಗೆ ಹೋದ ಸಾಲನ್ನು ಓದಬಹುದು, ತಿದ್ದಲಿಕ್ಕಿಲ್ಲ, ಅಳಿಸಲಿಕ್ಕಿಲ್ಲ. ಹಾಗಾಗಿ ಕೆಳಗಿದ್ದ ಸಾಲುಗಳು ಕಡಬಕ್ಕೆ ಬಂದವು. ಮೇಲಿದ್ದವು ಈಗಲೂ ಪುತ್ತೂರು ತಾಲೂಕಿನಲ್ಲೇ, ಸುಳ್ಯ ತಾಲೂಕಿನಲ್ಲೇ.

ಕೋಲ್ಡ್ ಅಂತ ಹೆಸರಿಟ್ಟದ್ದು ಇಷ್ಟರ ಮಟ್ಟಿಗೆ ಸರಿ. ಅವು ನಿಜವಾಗಿ ಮರಗಟ್ಟಿಹೋಗಿದ್ದವು.

ಮುಂದಿನ ಮೀಟಿಂಗಿನಲ್ಲಿ ನಾನು ಹೆಚ್ಚೇನೂ ವಾದ ಮಾಡಲಿಲ್ಲ. ವಾರದ ಪಟ್ಟಿ ತೋರಿಸಿದೆ, ಕೌಂಟರಿನ ಮೇಡಂ ಹೇಳಿದ್ದನ್ನು ಅವರ ಮಾತಲ್ಲೇ ಹೇಳಿದೆ. ಹಾರ್ಡ್ ಡಿಸ್ಕಿನ ಫೈಲಿಗೆ ಹಾಕಿದರೆ ಡೇಟಾ ಇರುತ್ತದೆ, ಆದರೆ ಆಲಂಕಾರಿನಿಂದ ಬಂದವರನ್ನು ಎದುರು ಕೂರಿಸಿಕೊಂಡು ಅದನ್ನು ತೆಗೆಯಲಿಕ್ಕೆ ಆಗುವುದಿಲ್ಲ. ಐಟಿಯ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ನಮ್ಮ ಮನೆಯದ್ದೇ ಪಹಣಿ ನೋಡಿ ಎಷ್ಟು ವರ್ಷ ಆಯ್ತೋ." ಇನ್‌ಬೌಂಡ್ ಅಂತ ತೀರ್ಮಾನ ಆಯಿತು.

ತೀರ್ಮಾನ ಮಾಡುವುದು ಸುಲಭ. ಇಳಿಸಬೇಕಾದರೆ ಕೆಳಗೆ ಜಾಗ ಬೇಕು. ಈ ಪಾಠವನ್ನು ಆ ಬೇಸಿಗೆಯಲ್ಲಿ ನಾನು ಎರಡು ಕಡೆಯಿಂದ ಕಲಿತೆ.

ನಮ್ಮ ಮನೆ ಇರುವುದು ಸುಳ್ಯ ತಾಲೂಕಿನಲ್ಲಿ, ಸಂಪಾಜೆಯ ದಾರಿಯಲ್ಲಿ. ಆ ಕಡೆಯ ತೋಟಗಳಿಗೆ ಹಳದಿ ಎಲೆ ರೋಗ ಹೊಸದಲ್ಲ. ಗರಿಯ ತುದಿಯಿಂದ ಹಳದಿಯಾಗುತ್ತಾ ಬರುತ್ತದೆ, ಮಂಡೆ ಸಣ್ಣದಾಗುತ್ತದೆ, ಕಾಯಿ ಉದುರುತ್ತದೆ, ಉಳಿದ ಅಡಿಕೆಯೂ ಒಳಗೆ ಕಪ್ಪು. ಮದ್ದಿಲ್ಲದ ರೋಗ. ಕೊಳೆರೋಗಕ್ಕಾದರೆ ಬೋರ್ಡೋ ಉಂಟು, ಇದಕ್ಕೆ ಅದೂ ಇಲ್ಲ. ನಮ್ಮ ತೋಟಕ್ಕೆ ಅದು ಬಂದು ಏಳೆಂಟು ವರ್ಷ. ಪ್ರತಿ ವರ್ಷ ಅಂಗಳದಲ್ಲಿ ಅಡಿಕೆ ಹರಡುವ ಜಾಗ ಚಿಕ್ಕದಾಗುತ್ತಾ ಬಂತು. ಅಟ್ಟಕ್ಕೆ ಏರುವ ಗೋಣಿ ಕಡಿಮೆಯಾಗಿ, ಎರಡು ವರ್ಷದಿಂದ ಏರುವುದೇ ನಿಂತಿತ್ತು.

ಮೇ ತಿಂಗಳಲ್ಲಿ ಅಪ್ಪ ಫೋನ್ ಮಾಡಿ ಹೇಳಿದರು, "ಈ ಸಲ ಮಳೆಗೆ ಮೊದಲು ಮೇಲಿನದ್ದು ಪೂರ್ತಿ ಇಳಿಸುವ ಅಂತ. ನೀನು ಬರ್ತಿಯಾ?"

ಪೂರ್ತಿ ಅಂದದ್ದು ಮೊದಲ ಸಲ. ನನ್ನ ಇಂಜಿನಿಯರಿಂಗ್ ಫೀಸಿಗೆ ಅಂತ ಇಳಿಸಿದ್ದರು, ತಂಗಿಯ ಮದುವೆಗೆ ಇಳಿಸಿದ್ದರು, ಅಜ್ಜಿಯ ಆಪರೇಷನ್ನಿಗೆ ಇಳಿಸಿದ್ದರು. ಪ್ರತಿ ಸಲ ಬೇಕಾದಷ್ಟು ಮಾತ್ರ. ಲ್ಯಾಪ್‌ಟಾಪ್ ಹಿಡಿದುಕೊಂಡು ರಾತ್ರಿ ಬಸ್ಸಿಗೆ ಊರಿಗೆ ಹೋದೆ.

ಗೋಣಿ ಇಳಿಸುವುದು ಎರಡು ಜನರ ಎರಡು ದಿನದ ಕೆಲಸ ಅಂತ ನನ್ನ ಅಂದಾಜು ಇತ್ತು. ಅಪ್ಪ ಮೂರು ದಿನ ಬರೀ ಜಾಗ ಮಾಡಿದರು. ಚಾವಡಿಯ ಬೆಂಚು, ಭತ್ತದ ಹಳೇ ಕಲಂಬಿ, ಬೈಕು ಎಲ್ಲ ಕೊಟ್ಟಿಗೆಗೆ ಹೋಯಿತು. ನೆಲಕ್ಕೆ ಟರ್ಪಾಲು, ಅದರ ಮೇಲೆ ಹಲಗೆ, ಆಮೇಲೆ ಗೋಣಿ. ಸಿಮೆಂಟು ನೆಲದಲ್ಲಿ ನೇರ ಇಟ್ಟರೆ ಪಸೆ ಹಿಡಿಯುತ್ತದೆ. ಸುಲಿಯುವ ಮೆಷಿನಿನವರಿಗೆ ದಿನ ಹೇಳಿಯಾಗಿತ್ತು. "ಅವರು ಬಂದ ಮೇಲೆ ಇಳಿಸಿದ್ರೆ ಆಗುದಿಲ್ವಾ?" ಅಂತ ಕೇಳಿದೆ. "ಮೇಲೆ ಗಾಳಿ ಬೆಚ್ಚಗೆ ಉಂಟು, ಎಷ್ಟು ವರ್ಷ ಬೇಕಾದ್ರೂ ಇರ್ತದೆ. ಕೆಳಗೆ ಬಂದ ಮೇಲೆ ಅದು ಬೇರೆಯೇ ವಸ್ತು. ಇಳಿಸಿದ ದಿನದಿಂದ ಅದನ್ನು ನೋಡಿಕೊಳ್ಬೇಕು" ಅಂದರು.

ಅಟ್ಟದ ಅಡ್ಡದ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕಿ ಲೆಕ್ಕ ಇಟ್ಟಿದ್ದರು. ಏರಿಸಿದಾಗ ಒಂದು ಗೀಟು, ಇಳಿಸಿದಾಗ ಅದಕ್ಕೆ ಅಡ್ಡ ಗೀಟು. ನಾನು ಮೇಲಿನಿಂದ ಕೊಟ್ಟ ಹಾಗೆ ಅವರು ಎಣಿಸುತ್ತಾ ಹೋದರು. ಎರಡು ಗೋಣಿಗೆ ಹುಳ ಹೊಕ್ಕಿತ್ತು, ಒಂದನ್ನು ಇಲಿ ಕೊರೆದಿತ್ತು. ಅವುಗಳನ್ನೂ ಬಿಡದೆ ಎಣಿಸಿ ಬೇರೆ ಇಟ್ಟರು. ಹಾಳಾದದ್ದು ಬೇರೆ, ಲೆಕ್ಕಕ್ಕೆ ಸಿಗದೆ ಹೋದದ್ದು ಬೇರೆ. ಕೊನೆಯ ಗೋಣಿ ಇಳಿದಾಗ ಅಡ್ಡ ಹಾಕದ ಗೀಟು ಒಂದೂ ಉಳಿಯಲಿಲ್ಲ.

"ಇನ್ನು ಮೇಲೆ ಎಂತ ಇಡುದು ಅಪ್ಪ?"

"ಮೇಲೆ ಇಡ್ಬೇಕಾದ್ರೆ ಕೆಳಗೆ ಉಳಿಯಬೇಕಲ್ಲ" ಅಂದರು, ಮೈಯ ಧೂಳು ಕೊಡವುತ್ತಾ. ಬೇಜಾರಿನಲ್ಲಿ ಹೇಳಿದ್ದೋ ಬರೀ ಲೆಕ್ಕ ಹೇಳಿದ್ದೋ ಗೊತ್ತಾಗಲಿಲ್ಲ. ಆ ದುಡ್ಡಿನಲ್ಲಿ ಹಳದಿಯಾದ ಮರಗಳನ್ನು ಕಡಿಸಿ ಒಂದು ಭಾಗಕ್ಕೆ ಜಾಯಿಕಾಯಿ, ಕಾಳುಮೆಣಸು ಹಾಕುವುದು ಅವರ ಯೋಜನೆ. ಆ ಸಲದ ಧಾರಣೆ ಒಳ್ಳೆಯದು ಅಂತ ಇಳಿಸಿದ್ದಲ್ಲ. ಕಾಯುತ್ತಾ ಕೂರುವ ಕಾಲ ಮುಗಿಯಿತು ಅಂತ ಇಳಿಸಿದ್ದು. ಅಟ್ಟ ಖಾಲಿಯಾದ ಮನೆಯಲ್ಲಿ ಆ ರಾತ್ರಿ ಅಮ್ಮ ಎರಡು ಸಲ ಬಾಗಿಲ ಚಿಲಕ ನೋಡಿ ಬಂದರು. ಬೆಲೆಬಾಳುವ ವಸ್ತು ಈಗ ಕೈಗೆಟಕುವ ಎತ್ತರದಲ್ಲಿತ್ತು.

ಅದೇ ಶನಿವಾರ ರಾತ್ರಿ ನಮ್ಮ ಟೇಬಲಿನ ದಿನ. ಅದಕ್ಕೆ ಮೊದಲಿನ ನಾಲ್ಕು ವಾರ ನಾವೂ ಜಾಗವನ್ನೇ ಮಾಡಿದ್ದು. ಕ್ಲೌಡಿನಲ್ಲಿ ಎಷ್ಟು ಉಂಟು ಅಂತ ಅಳೆಯಲಿಕ್ಕೆ ಎಸ್‌ಕ್ಯೂಎಲ್ ಸರ್ವರಿನಲ್ಲೇ ದಾರಿ ಇತ್ತು. ಆ ಲೆಕ್ಕಕ್ಕೆ ಇಂಡೆಕ್ಸು, ಲಾಗು ಬೆಳೆಯುವ ಜಾಗ ಎಲ್ಲ ಸೇರಿಸಿ ಹೊಸ ಡಿಸ್ಕ್ ಹಾಕಿಸಿದೆವು. ಇನ್ನೊಂದು ಅನುಮಾನ ಇತ್ತು. ಕ್ಲೌಡಿಗೆ ಹೋದ ಭಾಗದ ಮೇಲೆ ಸ್ಟ್ರೆಚ್ ಪ್ರೈಮರಿ ಕೀಯನ್ನು ಜಾರಿಯಲ್ಲಿಡುವುದಿಲ್ಲ. ಒಂದೇ ನಂಬರಿನ ಎರಡು ಸಾಲು, ಮೇಲೊಂದು ಕೆಳಗೊಂದು, ಇದ್ದರೂ ಇರಬಹುದು. ಮೊದಲೇ ಹುಡುಕಿ, ಸಿಕ್ಕಿದ ನಾಲ್ಕೈದನ್ನು ಶಾಖೆಯವರ ಹತ್ತಿರ ಲೆಡ್ಜರ್ ತೆಗೆಸಿ ತಾಳೆ ನೋಡಿದೆವು. ಬ್ಯಾಕಪ್ಪಿನ ವಿಷಯ ಮತ್ತೂ ಸೂಕ್ಷ್ಮ. ಸ್ಟ್ರೆಚ್ ಹಾಕಿದ ಡೇಟಾಬೇಸಿನ ಬ್ಯಾಕಪ್ಪಿನಲ್ಲಿ ಕೆಳಗಿನ ಸಾಲುಗಳು ಮತ್ತು ಹೊರಡಲಿಕ್ಕೆ ಕಾದು ನಿಂತವು ಮಾತ್ರ ಇರುತ್ತವೆ. ಅಂದರೆ ಇಷ್ಟು ವರ್ಷ ರಾತ್ರಿ ರಾತ್ರಿ ತೆಗೆದ ಬ್ಯಾಕಪ್ಪಿನಲ್ಲಿ ಅಜ್ಜಂದಿರ ಸಾಲ ಇರಲೇ ಇಲ್ಲ. ಈಗ ಅವೂ ಸೇರುವುದರಿಂದ ಅರ್ಧ ಗಂಟೆಯ ಬ್ಯಾಕಪ್ ಎರಡು ಗಂಟೆ ದಾಟುತ್ತದೆ. ಬೆಳಿಗ್ಗೆ ಶಾಖೆ ತೆರೆಯುವ ಮೊದಲು ಮುಗಿಯಬೇಕಾದರೆ ಬೇರೆ ಕೆಲಸಗಳ ಹೊತ್ತು ಬದಲಾಗಬೇಕು.

ಹನ್ನೊಂದು ಗಂಟೆಗೆ ಚಾವಡಿಯ ಗೋಣಿಗಳ ಪಕ್ಕ ಕೂತು ಕಮಾಂಡ್ ಕೊಟ್ಟೆ. ಡೇಟಾ ಬರುವುದು ಕ್ಲೌಡಿನಿಂದ ಹೆಡ್ ಆಫೀಸಿಗೆ, ನಮ್ಮ ಮನೆಯ ವೈಫೈ ಮೂಲಕ ಅಲ್ಲ. ಹಾಗಾಗಿ ಹನ್ನೆರಡೂವರೆಗೆ ಕರೆಂಟು ಹೋದಾಗ ಅಪ್ಪನಿಗೇ ನನಗಿಂತ ಜಾಸ್ತಿ ಗಾಬರಿ. "ಅರ್ಧದಲ್ಲಿ ನಿಂತಿತಾ?" ಅಂತ ಟಾರ್ಚ್ ಹಿಡಿದು ಬಂದರು. ನಿಲ್ಲುವುದಿಲ್ಲ, ನಿಲ್ಲಿಸಲಿಕ್ಕೂ ಬರುವುದಿಲ್ಲ ಅಂತ ಹೇಳಿದೆ. "ಹಾಗಾದ್ರೆ ಮಲಗು" ಅಂದರು.

ಭಾನುವಾರ ಮಧ್ಯಾಹ್ನ ಎಲ್ಲ ಬಂದು ಮುಗಿಯಿತು. ಎಣಿಸಿದೆವು. ಮೊದಲು ಒಟ್ಟು ಸಾಲು, ಆಮೇಲೆ ವರ್ಷವಾರು, ಆಮೇಲೆ ಶಾಖೆವಾರು, ಕೊನೆಗೆ ಮೊತ್ತ. ಅಡ್ಡ ಹಾಕದ ಗೀಟು ಇಲ್ಲಿಯೂ ಉಳಿಯಲಿಲ್ಲ. ಆಫ್ ಮಾಡಿದ ಮಾತ್ರಕ್ಕೆ ಕ್ಲೌಡಿನ ಪ್ರತಿ ಅಳಿಯುವುದಿಲ್ಲ, ನಾವೇ ಹೋಗಿ ಅಳಿಸುವ ತನಕ ಅದರ ಬಾಡಿಗೆ ಓಡುತ್ತಲೇ ಇರುತ್ತದೆ. ಬೇಕೆಂತಲೇ ಒಂದು ತಿಂಗಳು ಓಡಲಿಕ್ಕೆ ಬಿಟ್ಟು, ಎರಡು ಸಲ ಬ್ಯಾಕಪ್ ರಿಸ್ಟೋರ್ ಮಾಡಿ ನೋಡಿ, ಜೂನ್ ಕೊನೆಯಲ್ಲಿ ಅಳಿಸಿದೆವು.

ಆಮೇಲೆ ಮಾಡಿದ ಮೊದಲ ಕೆಲಸ ತಾಲೂಕಿನ ಹೆಸರು ಬದಲಿಸುವುದು. ಒಂದು ಅಪ್‌ಡೇಟ್, ಮೂರು ನಿಮಿಷ. ಇಷ್ಟು ವರ್ಷ ಪುತ್ತೂರಿನಲ್ಲೇ ಉಳಿದಿದ್ದ ರಾಮಕುಂಜದವರು, ಸುಳ್ಯದಲ್ಲೇ ಉಳಿದಿದ್ದ ಸುಬ್ರಹ್ಮಣ್ಯದವರು ಒಟ್ಟಿಗೆ ಕಡಬಕ್ಕೆ ಬಂದರು.

ಈ ಕಾಲದಲ್ಲಿ ಎಲ್ಲ ಡೇಟಾವನ್ನೂ ದುಬಾರಿ ಡಿಸ್ಕ್‌ನಲ್ಲೇ ಇಡಿ ಅಂತ ನಾನು ಹೇಳುವುದಿಲ್ಲ. ಸಿಸಿಟಿವಿ ವಿಡಿಯೊ, ಹಳೆ ಲಾಗು ಅಂಥವು ಧಾರಾಳ ಅಟ್ಟಕ್ಕೆ ಹೋಗಲಿ. ಆದರೆ ಏರಿಸುವ ಮೊದಲು ಇಳಿಸುವ ರೇಟ್ ಕಾರ್ಡ್ ಓದಿ. ಅಮೆಜಾನಿನ ಗ್ಲೇಸಿಯರ್ ಡೀಪ್ ಆರ್ಕೈವ್ ನೋಡಿ, ಇಡಲಿಕ್ಕೆ ಬಹಳ ಅಗ್ಗ. ಆದರೆ ಬೇಗ ಅಳಿಸಿದರೂ 180 ದಿನದ ಬಾಡಿಗೆ ಕೊಡಬೇಕು, ವಾಪಸ್ ಕೇಳಿದರೆ ಮಾಮೂಲಿ ದಾರಿಯಲ್ಲಿ 12 ಗಂಟೆಯೊಳಗೆ, ಅಗ್ಗದ ದಾರಿಯಲ್ಲಿ 48 ಗಂಟೆಯೊಳಗೆ ಸಿಗುತ್ತದೆ. ಕೌಂಟರಿನ ಎದುರು ನಿಂತವರಿಗೆ 12 ಗಂಟೆ ಅಂದರೆ ನಾಳೆ ಬನ್ನಿ ಅಂತ ಅರ್ಥ, ಕೊನೆಯ ಬಸ್ಸು ಹಿಡಿದು ಹೋಗಿ ಮೊದಲ ಬಸ್ಸಿಗೆ ವಾಪಸ್ ಬನ್ನಿ ಅಂತ ಅರ್ಥ. ಮತ್ತೆ, ಮೇಲಿದ್ದದ್ದನ್ನು ತಿದ್ದಲಿಕ್ಕೆ ಆಗುತ್ತದಾ ಅಂತಲೂ ಕೇಳಿ. ಗಡಿ ಬದಲಾಗುತ್ತದೆ, ಹೆಸರು ಬದಲಾಗುತ್ತದೆ, ಅಟ್ಟದಲ್ಲಿದ್ದದ್ದಕ್ಕೆ ಅದು ಗೊತ್ತಾಗುವುದಿಲ್ಲ.

ಕ್ಲೈಂಟಿನ ಟೇಬಲಿನಲ್ಲಿ ಈಗ ಟಿಯರ್ ಇಲ್ಲ. ಹಳೆ ವರ್ಷಗಳ ಸಾಲುಗಳನ್ನು ಬೇರೆ ಪಾರ್ಟಿಷನ್ ಮಾಡಿ, ಕಂಪ್ರೆಸ್ ಮಾಡಿ, ಅದೇ ಸರ್ವರಿನಲ್ಲಿಟ್ಟಿದ್ದೇವೆ. ಆದರೆ ಜಾಗ ಮತ್ತೆ ತುಂಬುತ್ತದೆ, ಇನ್ನು ಐದು ವರ್ಷಕ್ಕೆ ಇದೇ ಮೀಟಿಂಗು ಮತ್ತೆ ಬರುತ್ತದೆ. ಆಗ ಯಾವ ಸಾಲುಗಳನ್ನು ಕಳಿಸಬಹುದು ಅಂತ ನಿಯಮವನ್ನು ಈಗಲೇ ಬರೆದಿಡಿ ಅಂತ ಐಟಿಯ ಹಿರಿಯರು ಕೇಳಿದರು. ನನಗೆ ತಿಳಿದದ್ದನ್ನು ಬರೆಯುವ ಬದಲು ಕೌಂಟರಿನ ಮೇಡಂಗೆ ಫೋನ್ ಮಾಡಿದೆ. ಸಾಲ ತೀರಿ ಎಷ್ಟು ವರ್ಷ ಆದರೆ ಆ ಫೈಲು ಬೇಡ ಅನ್ನಬಹುದು ಅಂತ.

"ವರ್ಷ ಎಲ್ಲ ಇಲ್ಲ. ಪಹಣಿಯಿಂದ ಋಣ ತೆಗೆದದ್ದು ನೋಡಿದ್ದೀರಾ? ಹಾಗಾದ್ರೆ ಕಳಿಸಿ. ಇಲ್ಲದಿದ್ರೆ ಬೇಡ."

ಹೊಸ ನಿಯಮ ಅದೇ. ತಾರೀಕಿನ ಕಾಲಂ ತೆಗೆದೆವು, ಋಣ ಬಿಡುಗಡೆ ಆಗಿದೆಯಾ ಅನ್ನುವ ಕಾಲಂ ಒಂದು ಹೊಸದಾಗಿ ಸೇರಿಸಿದೆವು. ಹೌದು ಅಂದರೆ ಹೋಗಬಹುದು, ಇಲ್ಲ ಅಂದರೆ ನೂರು ವರ್ಷ ಆದರೂ ಕೆಳಗೇ. ಈಗಿನ ಮಟ್ಟಿಗೆ ಆ ಕಾಲಂನಲ್ಲಿ ಹೆಚ್ಚಿನ ಸಾಲುಗಳೆಲ್ಲ ಖಾಲಿ. ಶಾಖೆಯವರು ಒಂದೊಂದೇ ಪಹಣಿ ತೆಗೆದು ನೋಡಿ ತುಂಬಿಸುತ್ತಿದ್ದಾರೆ, ಋಣ ಉಳಿದದ್ದು ಕಂಡರೆ ಮನೆಯವರಿಗೆ ಫೋನ್ ಮಾಡಿ ಹೇಳುತ್ತಿದ್ದಾರೆ. ನಿಧಾನದ ಕೆಲಸ. ಪುತ್ತೂರು ಅರ್ಧ ಆಗಿದೆ, ಸುಳ್ಯ ಶುರುವಾಗಿದೆ, ಕಡಬಕ್ಕೆ ಮಳೆ ಬಿಟ್ಟ ಮೇಲೆ ಅಂದಿದ್ದಾರೆ.